ಅಡ್ಡಿಯಿಲ್ಲ ಅಂದರೆ ಏನರ್ಥ?

"ಅಷ್ಟೇನಾ? ಇಷ್ಟೆಲ್ಲಾ ನೋಡಿ ಅಷ್ಟೇ ಹೇಳೋದಾ?"

ಕೃಷ್ಣವೇಣಿಯ ಮುಖ ಕೆಂಪಾಯಿತು. ಎದುರಿಗಿದ್ದ ಎಂಜಿನಿಯರ್ ವೀರಬಸಪ್ಪ ಕಣ್ಣು ಪಿಳುಕಿಸಿದ.

ಜಕ್ಕೂರಿನ ದಿಬ್ಬದ ಮೇಲೆ ಅವಳ ತಂದೆ ಶೇಷಗಿರಿ ಹೊಸ ಮಾದರಿಯ ಮನೆ ಕಟ್ಟಿಸಿದ್ದು ಎಪ್ಪತ್ತೆಂಟರಲ್ಲಿ. ಆಮೇಲೆ ಮಗಳು ಗಾಜಿನ ಮೇಲೆ ಬರೆದ ಹಳೇ ಚಿತ್ರಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ತರತೊಡಗಿದಳು. ಈಗ ಅವು ಮಂಚದ ಕೆಳಗೆ, ಬೀರುವಿನ ಹಿಂದೆ, ಹಳೇ ಸೀರೆ ಸುತ್ತಿಕೊಂಡು ಮಲಗಿದ್ದವು. ಇಳಿಜಾರಿನ ಕಡೆಗೆ ಮನೆಯನ್ನು ವಿಸ್ತರಿಸಿ ಉದ್ದನೆಯ ಕೋಣೆ ಕಟ್ಟಿದರೆ ಎಲ್ಲವನ್ನೂ ತೂಗುಹಾಕಬಹುದು. ಅದಕ್ಕೇ ಧಾರವಾಡದ ಕಡೆಯ ಈ ಮನುಷ್ಯನನ್ನು ಕರೆಸಿದ್ದು.

ಒಂದೊಂದು ಚಿತ್ರದ ಮುಂದೆಯೂ ಕುಕ್ಕರಗಾಲಲ್ಲಿ ಕೂತು ನೋಡಿ, ಕೊನೆಗೆ ಅವನು ಹೇಳಿದ್ದು ಒಂದೇ ಮಾತು.

"ಅಡ್ಡಿಯಿಲ್ಲ ಬಿಡ್ರೀ."

ಅಡ್ಡಿಯಿಲ್ಲವಂತೆ! ಇವನ ಅಪ್ಪಣೆ ಕೇಳಿದವರು ಯಾರು?

ಕೆಲಸ ಶುರುವಾಯಿತು. ಇಳಿಜಾರಿನಲ್ಲಿ ಅವಳು ಚಿಕ್ಕಂದಿನಿಂದ ಕೂತು ಆಡಿದ ದೊಡ್ಡ ಬಂಡೆಯೊಂದು ಅಡ್ಡ ಬಂತು. "ಬಂಡಿ ಒಡ್ಯೂದು ಬ್ಯಾಡ್ರಿ, ಅದರ ಮಗ್ಗಲಕ್ಕ ಮೆಟ್ಟಲಾ ಇಳಸೋಣ" ಅಂದಾಗ ಅವಳಿಗೆ ಒಳಗೊಳಗೇ ಖುಷಿ. ದಿನದ ಕೆಲಸ ಮುಗಿದ ಮೇಲೂ ಅವನು ಚಿತ್ರಗಳ ಮುಂದೆ ನಿಂತೇ ಇರುತ್ತಿದ್ದ. ಏನು ನೋಡುತ್ತಾನೆ ಇಷ್ಟು ಹೊತ್ತು? ಹಿಡಿಸಿದ್ದರೆ ಬಾಯಿಬಿಟ್ಟು ಹೇಳಬಾರದೇ? ಆದರೂ ದಿನವೂ ಬೆಳಗಾದರೆ ಅವಳು ಅವನ ದಾರಿ ಕಾಯುತ್ತಿದ್ದಳು.

ಒಂದು ಸಂಜೆ ಧೈರ್ಯ ಮಾಡಿ, ತಾನೇ ಮೊದಲ ಸಲ ಗಾಜಿನ ಮೇಲೆ ಬರೆದ ಚಿತ್ರ ತೋರಿಸಿದಳು.

"ಇದಂತೂ ಅಡ್ಡಿಯಿಲ್ಲ!"

ಅವಳ ಕಣ್ಣು ತುಂಬಿತು. ಮನಸ್ಸು ಕೊಟ್ಟವನಿಂದ ಇಂಥ ಮಾತೇ?

"ನಾಳೆಯಿಂದ ನೀವು ಬರ್ಬೇಡಿ. ಬೇರೆಯವರ ಕೈಲಿ ಮುಗಿಸ್ಕೋತೀನಿ."

ಅವನು ಅಳತೆಯ ಟೇಪು ಸುತ್ತಿಕೊಂಡು ಹೊರಟುಹೋದ.

ಮರುದಿನ, ಇಲ್ಲೇ ಅವನ ಜೊತೆಗಿದ್ದ ತಾಯಿ ಶಿವಲಿಂಗವ್ವ ಬಂದರು.

"ನನ್ನ ಮಗಾ ಊಟ ಬಿಟ್ಟಾನವಾ. ಏನ್ ತಪ್ಪಾತು?"

ಕೃಷ್ಣವೇಣಿ ಕೇಸರಿಬಾತು ತಂದಿಟ್ಟಳು. ಅವರು ತಿಂದು, ಬೆರಳು ಚೀಪಿ, ತಟ್ಟೆಯನ್ನು ಮತ್ತೆ ಮುಂದೆ ಚಾಚಿದರು.

"ಅಡ್ಡಿಯಿಲ್ಲ ನೋಡವಾ!"

"ಯಾಕಮ್ಮಾ... ಚೆನ್ನಾಗಿಲ್ವಾ?"

"ಅಯ್ಯ! ಭಾಳ ಚೊಲೊ ಆಗೇತಿ ಅಂತನ ಹಂಗ ಅಂದೆ! ಇದಕ್ಕಿಂತ ಹೆಚ್ಚಿಗಿ ಹೊಗಳಿದ್ರ ದೃಷ್ಟಿ ಆಗೂದಿಲ್ಲೇನು?"

ಅವಳ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಅಯ್ಯೋ... ಎಂಥಾ ಕೆಲಸ ಮಾಡಿಬಿಟ್ಟೆ!

"ಅವರೆಲ್ಲಿ?"

"ಕೆಳಗ ನಿಂತಾನ. ಒಳಗ ಬರಾಕ ಅಂಜ್ಯಾನ."

ಅವಳು ಇಳಿಜಾರಿನಲ್ಲಿ ಓಡಿದಳು. ಅರ್ಧ ಎದ್ದ ಗೋಡೆಯ ಪಕ್ಕ ಅವನು ತಲೆತಗ್ಗಿಸಿ ನಿಂತಿದ್ದ.

"ನನ್ನದೇ ತಪ್ಪು ಕಣ್ರೀ. ನಿಮ್ಮ ಮಾತು ನನಗೆ ತಿಳೀಲಿಲ್ಲ. ಕೆಲಸ ನೀವೇ ಮುಗಿಸ್ಬೇಕು."

"ಮುಗಸ್ತೀನ್ರಿ. ಆದ್ರ... ಮುಗದ ಮ್ಯಾಲೆ ನಿಮ್ಮನ್ನ ನೋಡಾಕ ಏನ್ ನೆಪಾ ಹೇಳ್ಲಿ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಮಾವನ ಮನೆಗೆ ಬರೋಕೆ ನೆಪ ಯಾಕೆ?"

"ಯಾವ ಮಾವ?"

"ವರಾಂಡದಲ್ಲಿ ಪೇಪರ್ ಓದ್ತಾ ಕೂತಿದ್ದಾರಲ್ಲ ನಮ್ಮಪ್ಪ... ಅವರೇ!"