ಕೇಳದೆ ತಗೊಂಡ ಪೆಡಲ್

ಒಬ್ಬರ ಗಿಟಾರಿನ ವೈರನ್ನು ಇನ್ನೊಬ್ಬರು ಮುಟ್ಟಬಹುದೇ ಬಾರದೇ ಎಂಬುದು ಲೋಕದ ಅತಿ ಗಂಭೀರ ಪ್ರಶ್ನೆಗಳಲ್ಲೊಂದು. ರಾಜ್ಯಗಳ ಗಡಿ, ನದಿಗಳ ನೀರು ಇತ್ಯಾದಿಗಳ ಬಗ್ಗೆ ಎದುರು ಬದುರು ಕೂತು ಮಾತಾಡಬಹುದು. ಡ್ರಮ್ಮರನ ಸ್ಟೂಲಿನ ಎತ್ತರ ಬದಲಾಯಿಸಿ ಹೋದವನ ಎದುರು ಕೂರಲಾಗುವುದಿಲ್ಲ. ಚಾಮರಾಜಪೇಟೆಯಲ್ಲಿ ಪಂಚಾಕ್ಷರಯ್ಯನವರ ಮನೆಯ ನೆಲಮಾಳಿಗೆಯನ್ನು ಹಂಚಿಕೊಂಡಿದ್ದ ಬ್ಯಾಂಡುಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದು ಒಂದು ಕಾಲಕ್ಕೆ ಅವರ ಊದಿನಕಡ್ಡಿ ಗೋಡೌನು. ವ್ಯಾಪಾರ ನಿಂತ ಮೇಲೆ ಗೋಡೆಗೆಲ್ಲ ಹಳೆಯ ಹಾಸಿಗೆ ಹೊಡೆಸಿ, ಜಾಮ್ ರೂಮು ಎಂದು ಹೆಸರಿಟ್ಟು ಬಾಡಿಗೆಗೆ ಬಿಟ್ಟಿದ್ದರು. ಗಂಧದ ಪುಡಿಯ ವಾಸನೆ ಮಾತ್ರ ಜಾಗ ಖಾಲಿ ಮಾಡಿರಲಿಲ್ಲ.

ಅಲ್ಲಿನ ಪದ್ಧತಿ ಸರಳ. ಇನ್ನೊಬ್ಬರ ವಸ್ತು ಬೇಕಾದರೆ ಬಾಯಿಬಿಟ್ಟು ಕೇಳಬೇಕು. ಅವರು ಬಾಯಿಬಿಟ್ಟು ‘ತಗೋ’ ಅನ್ನಬೇಕು. ಫೋನಿನಲ್ಲಿ ಅಂದರೂ ಆದೀತು. ವಾಟ್ಸಾಪಿನಲ್ಲಿ ನೀಲಿ ಟಿಕ್ ಬಿದ್ದರೆ ಅದೇ ಒಪ್ಪಿಗೆ ಎಂದು ವಾದಿಸಿದ ಕೀಬೋರ್ಡಿನವನೊಬ್ಬ ಈಗ ಬೇರೆ ಬ್ಯಾಂಡಿನಲ್ಲಿದ್ದಾನೆ. ಬಳಸಿಯಾದ ಮೇಲೆ ವಸ್ತುವನ್ನು ಇದ್ದ ಜಾಗದಲ್ಲಿ, ಇದ್ದ ಹಾಗೆಯೇ ಇಡಬೇಕು. ತಿರುಪನ್ನು ಒಂದು ಸುತ್ತು ಹೆಚ್ಚು ತಿರುಗಿಸಿದ್ದರೂ ಯಜಮಾನನಿಗೆ ಗೊತ್ತಾಗುತ್ತದೆ.

ನಿತೀಶ್ ಈ ಪದ್ಧತಿಗೆ ಹೊಸಬ. ಡ್ರಮ್ಸ್ ಬಿಟ್ಟರೆ ತನಗೆ ಬೇರೇನೂ ಬರುವುದಿಲ್ಲ ಎಂದು ಅವನು ಮನೆಯಲ್ಲಿ ಹೇಳಿದಾಗ, ಮನೆಯವರೂ ಅದನ್ನು ತಕ್ಷಣ ಒಪ್ಪಿಕೊಂಡಿದ್ದರು. ಹಾಡುಗಾರ್ತಿ ಶರಣ್ಯಳ ಬ್ಯಾಂಡು ಅವನನ್ನು ಸೇರಿಸಿಕೊಂಡಿತ್ತು. ಒಂದು ಸಂಜೆ ಬಸವನಗುಡಿಯಲ್ಲಿ ಅವನ ಮೊದಲ ಕಾರ್ಯಕ್ರಮವಿತ್ತು. ಅದರ ಹಿಂದಿನ ದಿನ ಮಧ್ಯಾಹ್ನ, ಕೊನೆಯ ಅಭ್ಯಾಸದ ನಡುವೆ, ಅವನ ಪೆಡಲಿನ ಸ್ಪ್ರಿಂಗು ಟಣ್ ಎಂದು ತುಂಡಾಯಿತು. ಪೆಡಲ್ ಅಂದರೆ ನೆಲದ ಮೇಲಿನ ದೊಡ್ಡ ಡ್ರಮ್ಮನ್ನು ಬಲಗಾಲಿನಿಂದ ಹೊಡೆಯುವ ಸಾಧನ. ಅದಿಲ್ಲದ ಡ್ರಮ್ಮರು ಒಂದು ಕಾಲಿಲ್ಲದ ಹಾಗೆ.

ಮೂಲೆಯಲ್ಲಿ, ಕೆಂಪು ಬಟ್ಟೆ ಸುತ್ತಿದ ಇನ್ನೊಂದು ಪೆಡಲಿತ್ತು. ಅದರ ಸುತ್ತ ಮೊಳದಗಲ ಕಸ ಗುಡಿಸಿರಲಿಲ್ಲ. ನಿತೀಶ್ ಅತ್ತ ಎದ್ದದ್ದು ಕಂಡು ಶರಣ್ಯ ಮೈಕು ಕೆಳಗಿಟ್ಟಳು.

"ಅದನ್ನ ಮುಟ್ಬೇಡ. ಅದು ಈಶ್ವರ್ ಅವರದ್ದು."

ಅವಳು ಹೇಳಿದ ಕತೆ ಚಿಕ್ಕದು. ಈಶ್ವರ್ ಅಲ್ಲಿ ಮೊದಲು ನುಡಿಸುತ್ತಿದ್ದ ಡ್ರಮ್ಮರು. ಅವರ ಬ್ಯಾಂಡಿನವನೇ ಒಬ್ಬ ಮತ್ತೆ ಮತ್ತೆ ಕೇಳದೆ ಆ ಪೆಡಲನ್ನು ಒಯ್ಯುತ್ತಿದ್ದ. ಬೇರೆ ಯಾರಾದರೂ ಆಗಿದ್ದರೆ ಬೀಗ ತರುತ್ತಿದ್ದರು. ಈಶ್ವರ್ ಕಾಟನ್‌ಪೇಟೆಯ ಗಲ್ಲಿಯೊಂದರಲ್ಲಿದ್ದ ಲಕ್ಕಮ್ಮ ಎಂಬಾಕೆಯ ಹತ್ತಿರ ಹೋಗಿ ಮಾಟ ಮಾಡಿಸಿದರು. ‘ಇದನ್ನು ಕೇಳದೆ ತೆಗೆದುಕೊಂಡವರಿಂದ ಕೇಳದೆಯೇ ಏನಾದರೂ ತೆಗೆದುಕೊಂಡು ಹೋಗಲಿ’ ಎಂಬುದೇ ಆ ಮಾಟ. ಆ ಬ್ಯಾಂಡಿನವನು ಊರುಗೋಲಿನ ಮೇಲೆ ಊರು ಬಿಟ್ಟ. ಈಶ್ವರ್ ನುಡಿಸುವುದನ್ನೇ ಬಿಟ್ಟರು. ಪೆಡಲನ್ನು ಮನೆಗೆ ಒಯ್ಯಲು ಅವರಿಗೂ ಧೈರ್ಯವಿರಲಿಲ್ಲ.

ಹಾಗಾದರೆ ಫೋನ್ ಮಾಡಿ ಕೇಳೋಣ ಎಂದ ನಿತೀಶ್. ಅವರು ಎತ್ತುವುದಿಲ್ಲ ಎಂದಳು ಶರಣ್ಯ. ಎತ್ತಲೂ ಇಲ್ಲ.

"ಬೇಡ ಅಂತೂ ಅಂದಿಲ್ವಲ್ಲ ಗುರು," ಎನ್ನುತ್ತ ಅವನು ಬಟ್ಟೆ ಬಿಚ್ಚಿದ. ಒಳಗಿಂದ ಒಣಗಿ ಕಪ್ಪಾದ ನಿಂಬೆಹಣ್ಣೊಂದು ಉರುಳಿತು. ಅದನ್ನು ಕಾಲಲ್ಲೇ ಗೋಡೆಯ ಕಡೆ ತಳ್ಳಿದ. "ನಿಂಬೆಹಣ್ಣಿಗೆಲ್ಲ ಹೆದರೋಕೆ ನಾನೇನು ಹೊಸ ಸ್ಕೂಟರಾ?"

ಗಿಟಾರಿನವರು ನಕ್ಕರು. ಶರಣ್ಯ ನಗಲಿಲ್ಲ.

ಪೆಡಲಿನ ಲೋಹದ ತಂಪು ಅಂಗಾಲಿನೊಳಕ್ಕೆ ಇಳಿಯಿತು. ನುಡಿಸತೊಡಗಿದಾಗ ಅವನಿಗೇ ಆಶ್ಚರ್ಯ. ಮನಸ್ಸು ಹೇಳುವ ಮೊದಲೇ ಕಾಲು ಹೊಡೆಯುತ್ತಿತ್ತು. ಗಂಧದ ವಾಸನೆ ಎಲ್ಲೋ ಹೋಗಿ, ಅದರ ಜಾಗದಲ್ಲಿ ಸುಟ್ಟ ನಿಂಬೆಯ, ಹಸಿ ಮಣ್ಣಿನ ವಾಸನೆ ಬಂದು ಕೂತಿತು. ಹಾಡು ಮುಗಿಯಿತು. ಅವನು ಪಾದವೆತ್ತಿ ನೆಲದ ಮೇಲಿಟ್ಟ.

ಧುಬ್.

ಯಾರೂ ತಲೆಯೆತ್ತಲಿಲ್ಲ. ತನಗೊಬ್ಬನಿಗೇ ಕೇಳಿಸಿತೆಂದು ತಿಳಿದಾಗ, ತಿಂಡಿ ತಿಂದಿಲ್ಲ, ಅದಕ್ಕೇ ಎಂದುಕೊಂಡ. ಪೆಡಲನ್ನು ಮೂಲೆಗೆ ಸರಿಸಿ, ಬಟ್ಟೆಯನ್ನು ಮೇಲೆ ಎಸೆದು ಹೊರಟ.

ಸಂಜೆ ವಿಶ್ವೇಶ್ವರಪುರದ ತಿಂಡಿಬೀದಿಯಲ್ಲಿ, ದೋಸೆಯ ಹೊಗೆ, ಜನರ ನೂಕಾಟದ ನಡುವೆ ತಟ್ಟೆ ಹಿಡಿದು ನಿಂತಿದ್ದಾಗ ಅವನ ಬಲಗಾಲು ಹೋಯಿತು.

ನೋವಿಲ್ಲ. ಜೋಮೂ ಅಲ್ಲ. ಯಾರೋ ಪಕ್ಕದ ಸೀಟಿನಿಂದ ಪತ್ರಿಕೆ ಎತ್ತಿಕೊಂಡಷ್ಟು ಸಲೀಸಾಗಿ ಹೋಯಿತು. ಬಗ್ಗಿ ನೋಡಿದ. ಚಪ್ಪಲಿಯಲ್ಲಿ ಪಾದವಿತ್ತು. ಅವನದಲ್ಲ. ಬೂದು ಬಣ್ಣ, ಕೆರೆಯ ತಳದ ಕಲ್ಲಿನಷ್ಟು ತಂಪು. ಬೆರಳಾಡಿಸಲು ಹೋದ. ಬೆರಳುಗಳು ಅವನ ಮಾತು ಕೇಳಿಸಿಕೊಳ್ಳದೆ ಸುಮ್ಮನಿದ್ದವು. ಅಷ್ಟರಲ್ಲಿ, ಬಹಳ ದೂರದಲ್ಲಿ, ಬೀದಿಯ ಎಲ್ಲ ಸದ್ದಿನ ಅಡಿಯಲ್ಲಿ, ಧುಬ್. ಧುಬ್. ಧುಬ್. ಎಲ್ಲೋ ಯಾರೋ ಅವನ ಕಾಲಿನಿಂದ ನುಡಿಸುತ್ತಿದ್ದರು.

ಕುಂಟುತ್ತ ರೂಮಿಗೆ ಬಂದು, ಹೊದಿಕೆ ಎಳೆದುಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ ಮಲಗಿದ. ಬೆಳಗ್ಗೆ ಎದ್ದಾಗ ಕಾಲು ಬಂದಿತ್ತು. ಆದರೆ ಅಂಗಾಲಿನ ತುಂಬ ಮಸಿ. ಬೆರಳ ಸಂದಿಯಲ್ಲಿ ಕೆಮ್ಮಣ್ಣು. ಉಗುರುಗಳನ್ನು ಯಾರೋ ಮಾಂಸದವರೆಗೆ ಕತ್ತರಿಸಿದ್ದರು. ಕಣಕಾಲು, ಬೇರೊಬ್ಬರ ಅಳತೆಗೆ ಬಿಗಿ ಮಾಡಿದ ಸ್ಪ್ರಿಂಗಿನಂತೆ, ಸೆಟೆದುಕೊಂಡಿತ್ತು. ತೆಗೆದುಕೊಂಡವರು ವಸ್ತುವನ್ನು ಇದ್ದ ಹಾಗೆ ಇಡುವ ಪದ್ಧತಿಯವರಲ್ಲ.

ಸ್ನಾನ ಮಾಡುವಾಗ ಮತ್ತೆ ಹೋಯಿತು. ಈ ಸಲ ಬರುವಷ್ಟರಲ್ಲಿ ಬಕೆಟ್ಟಿನ ಬಿಸಿನೀರು ಪೂರ್ತಿ ಆರಿತ್ತು. ನಿತೀಶ್ ಶರಣ್ಯಳಿಗೆ ಫೋನ್ ಮಾಡಿದ. ಅವಳು ಬೈಯಲಿಲ್ಲ. ಅದೇ ಅವನನ್ನು ಹೆಚ್ಚು ಹೆದರಿಸಿತು. ಪೆಡಲನ್ನು ಮುಟ್ಟಬೇಡ, ನಾವೇ ಈಶ್ವರ್ ಅವರ ಮನೆಗೆ ಹೋಗೋಣ ಎಂದಳು.

ತ್ಯಾಗರಾಜನಗರಕ್ಕೆ ಹೋಗುವ ಆಟೋದಲ್ಲಿ ಕಾಲು ಮೂರನೆಯ ಸಲ ಹೋಯಿತು. ಅವಳಿಗೆ ಹೇಳಲಿಲ್ಲ. ಹೇಳಿದರೆ ಸಂಜೆಯ ಕಾರ್ಯಕ್ರಮಕ್ಕೆ ಬೇರೆಯವರನ್ನು ಕರೆಯುತ್ತಾಳೆ. ಆ ತಣ್ಣನೆಯ ಪಾದವನ್ನು ಶೂನೊಳಗೆ ಬಿಗಿದು, ಕಂಬಿ ಹಿಡಿದು, ಈಶ್ವರ್ ಇದ್ದ ಮೊದಲ ಮಹಡಿಯ ಮೆಟ್ಟಿಲು ಹತ್ತಿದ.

ಈಶ್ವರ್ ನರೆತ ಕೂದಲಿನ ಮೆಲುಮಾತಿನ ಮನುಷ್ಯ. ಕುರ್ಚಿಯ ಮೇಲೆ ಎರಡೂ ಪಾದಗಳನ್ನು ಮಡಚಿ, ಅವುಗಳ ಮೇಲೆ ತಾವೇ ಕೂತಿದ್ದರು, ಯಾರಾದರೂ ಎತ್ತಿಕೊಂಡು ಹೋದಾರು ಎಂಬ ಹಾಗೆ. ಎಲ್ಲವನ್ನೂ ಕೇಳಿಸಿಕೊಂಡರು. ಸಿಟ್ಟಿನಲ್ಲಿ ಮಾಡಿಸಿದ್ದು, ಲಕ್ಕಮ್ಮ ತೀರಿಕೊಂಡಿದ್ದಾಳೆ, ಬಿಚ್ಚುವವರು ಯಾರೂ ಇಲ್ಲ ಎಂದರು.

"ಬಿಚ್ಚೋಕೆ ನಂಗೆ ಬರಲ್ಲಪ್ಪ. ಕೊಡೋಕೆ ಬರತ್ತೆ. ಪೆಡಲ್ ನಿಂಗೆ ಕೊಟ್ಟೆ ಅಂತ ಬಾಯಿಬಿಟ್ಟು ಅಂದ್ಬಿಟ್ರೆ ಅದು ನಿಂದು. ಅಲ್ಲಿಗೆ ವ್ಯವಹಾರ ಮುಗೀತು. ಆದ್ರೆ ಆ ಹೊತ್ತಿಗೆ ಯಾರ ಹತ್ರ ಏನಿರತ್ತೋ ಅದು ಅವರದ್ದೇ ಆಗತ್ತೆ. ಅದಕ್ಕೇ ಕೇಳ್ತಿದೀನಿ, ಸರಿಯಾಗಿ ಹೇಳು. ಕಾಲು ಈಗ ನಿನ್ನ ಹತ್ರ ಇದೆಯಾ? ಇಲ್ದಿದ್ರೆ ಬರೋವರೆಗೂ ಕಾಯೋಣ."

ಇಲ್ಲ ಎನ್ನಲು ನಿತೀಶ್ ಬಾಯಿ ತೆರೆದ.

ಕೆಳಗೆ ಗೇಟು ಕಿರುಗುಟ್ಟಿತು.

ಧುಬ್.

ಅವನ ಹೆಜ್ಜೆಯೇ. ಅವನಿಗೆ ಗೊತ್ತಿತ್ತು. ಕಾಲು ವಾಪಸು ಬರುತ್ತಿತ್ತು. ಎದೆ ಹಗುರಾಯಿತು. ಆಮೇಲೆ ಆ ಹೆಜ್ಜೆಯ ಬೆನ್ನಿಗೆ ಇನ್ನೊಂದು ಸದ್ದು ಕೇಳಿತು. ಒದ್ದೆ ಗೋಣಿಚೀಲ ಎಳೆದಂಥದ್ದು. ಸರ್‌ರ್.

ಧುಬ್. ಸರ್‌ರ್.

ಕಾಲು ಒಂಟಿಯಾಗಿ ಬರುತ್ತಿರಲಿಲ್ಲ. ಯಾರೋ ಅದನ್ನು ತೊಟ್ಟುಕೊಂಡು ಬರುತ್ತಿದ್ದರು.

ಶರಣ್ಯ ಕಿಟಕಿಯಾಚೆ ನೋಡುತ್ತಿದ್ದಳು. ಈಶ್ವರ್ ಅವನ ಉತ್ತರಕ್ಕೆ ಕಾಯುತ್ತಿದ್ದರು. ಇಬ್ಬರಿಗೂ ಏನೂ ಕೇಳಿಸುತ್ತಿರಲಿಲ್ಲ. ಹಿಂದಿನ ರಾತ್ರಿ ತಾನು ಕಣ್ಣು ಮುಚ್ಚಿ ಮಲಗಿದ್ದಾಗ ಹಾಸಿಗೆಯ ಬುಡದಲ್ಲಿ ಬಂದು ಕೂತಿದ್ದವರು ಇವರೇ ಎಂದು ನಿತೀಶನಿಗೆ ಹೊಳೆಯಿತು. ಹೊದಿಕೆ ಎತ್ತಿದವರು. ಕಾಲನ್ನು ಕೈಯಾರೆ ಜೋಡಿಸಿದವರು. ಈಗ ಹಗಲು. ಈಗ ಕಣ್ಣು ಬಿಟ್ಟುಕೊಂಡು ನೋಡಬೇಕು.

ಮೆಟ್ಟಿಲು. ಧುಬ್. ಸರ್‌ರ್. ಸುಟ್ಟ ನಿಂಬೆಯ ವಾಸನೆ ಬಾಗಿಲಡಿಯಿಂದ ಒಳಗೆ ಬಂತು. ಮಣ್ಣಿನ ವಾಸನೆ. ಅದರ ಹಿಂದೆ ಬೇರೆ ವಾಸನೆ, ಬಹಳ ದಿನ ಮುಚ್ಚಿಟ್ಟದ್ದು. ಧುಬ್. ಸರ್‌ರ್. ಉಸಿರಾಟ ಕೇಳಿಸಿತು. ಮೆಟ್ಟಿಲ ತಿರುವು. ಉಸಿರಲ್ಲ, ಅದು ಮೆಲ್ಲಗೆ ತಾಳ ಎಣಿಸುತ್ತಿತ್ತು. ಧುಬ್. ಬಾಗಿಲ ಹತ್ತಿರ. ಹೊಸ್ತಿಲ ಹತ್ತಿರ. ಚಿಲಕ ಅಲುಗಿತು.

"ಇದೆ ಸರ್. ನನ್ನ ಹತ್ರಾನೇ ಇದೆ. ಬೇಗ ಕೊಟ್ಬಿಡಿ."

ಈಶ್ವರ್ ಅವನ ಶೂ ಕಡೆ ಒಮ್ಮೆ ನೋಡಿದರು. ಕಾಲು ಅಲ್ಲಿಯೇ ಇರುವಂತೆ ಕಂಡಿತು.

"ಪೆಡಲ್ ನಿಂಗೆ ಕೊಟ್ಟೆ. ತಗೋ."

ಚಿಲಕ ನಿಂತಿತು. ಎಣಿಕೆ ನಿಂತಿತು. ಬಾಗಿಲಾಚೆ ಯಾರೋ ಸ್ವಲ್ಪ ಹೊತ್ತು, ನಂಬಲಾಗದವರಂತೆ, ಸುಮ್ಮನೆ ನಿಂತರು. ಆಮೇಲೆ ತಿರುಗಿದರು. ಧುಬ್. ಸರ್‌ರ್. ಇಳಿಯತೊಡಗಿದರು. ಈಗ ಅವಸರವಿರಲಿಲ್ಲ; ಸ್ವಂತದ್ದನ್ನು ಊರಿ ನಡೆಯುವವರ ನಡಿಗೆ. ನಿತೀಶ್ ಕೂಗಿ ಎದ್ದ. ಬಾಗಿಲಿನತ್ತ ಹಾರಿದ. ಬಲಗಡೆ ಮೈ ಊರಿದಾಗ ಆ ತಣ್ಣನೆಯ ಪಾದ ಭಾರ ತಡೆಯಲಿಲ್ಲ, ಮುಖವಡಿಯಾಗಿ ಬಿದ್ದ. ತೆವಳಿ ಚಿಲಕ ತೆಗೆದ. ಮೆಟ್ಟಿಲ ತುಂಬ ಮಧ್ಯಾಹ್ನದ ಬಿಸಿಲು. ಬೀದಿಯಲ್ಲಿ ಸೊಪ್ಪು ಮಾರುವವಳ ಕೂಗು. ಗೇಟು ಮುಚ್ಚಿಕೊಂಡ ಸದ್ದು.

ಶರಣ್ಯ ಅವನ ಶೂ ಬಿಚ್ಚಿದಳು. ಒಳಗಿದ್ದದ್ದನ್ನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು. ಸುಳ್ಳು ಹೇಳಿದೆಯಾ ಎಂದು ಈಶ್ವರ್ ಕೇಳಲಿಲ್ಲ. ತಮ್ಮ ಪಾದಗಳನ್ನು ಇನ್ನಷ್ಟು ಒಳಕ್ಕೆ ಮಡಚಿಕೊಂಡರು.

ಸಂಜೆಯ ಕಾರ್ಯಕ್ರಮಕ್ಕೆ ಬೇರೊಬ್ಬ ಡ್ರಮ್ಮರು ಬಂದ. ನಿತೀಶನ ಬಲಗಾಲು ವಾಪಸು ಬರಲಿಲ್ಲ.