ಬಿಸಿಲು ಮೇಸ್ತ್ರಿ

"ಏಯ್! ಏಣಿ... ನನ್ನ ಏಣಿ ಎಲ್ಲಿಗೆ ಹೊತ್ಕೊಂಡು ಹೋಗ್ತಿದ್ದೀರಿ?"

ಹಳೆಯ ಮನೆಯ ಮಾಡಿನ ಮೇಲೆ, ಒಡೆದ ಹೆಂಚುಗಳ ನಡುವೆ ಕೂತು ಅವಳು ಕೂಗಿದಳು. ಕೆಳಗೆ ಏಣಿ ಹೆಗಲೇರಿಸಿಕೊಂಡು ಹೊರಟಿದ್ದವನು ಗಕ್ಕನೆ ನಿಂತ. ಆಚೆ ಈಚೆ ನೋಡಿದ. ಆಮೇಲೆ ತಲೆ ಎತ್ತಿದ.

"ಅಯ್ಯೋ! ಮೇಲೆ ಜನ ಇದ್ದಾರಾ?"

"ಜನ ಅಲ್ದೆ ಇನ್ನೇನು, ಕಾಗೆನಾ?"

"ಕಾಗೆ ಆಗಿದ್ರೆ ಏಣಿ ಕೇಳ್ತಿರಲಿಲ್ಲ ಬಿಡಿ..."

ಅವಳಿಗೆ ಮೈಯೆಲ್ಲ ಉರಿಯಿತು. ಅವನು ಏಣಿಯನ್ನು ಮತ್ತೆ ಮಾಡಿಗೆ ಆನಿಸುತ್ತಲೇ ಸಿಟ್ಟಿನಲ್ಲೇ ಇಳಿಯತೊಡಗಿದಳು. ಪಾಚಿ ಕಟ್ಟಿದ ಹೆಂಚಿನ ಮೇಲೆ ಕಾಲು ಜಾರಿತು.

"ನಿಧಾನ. ಗಟ್ಟಿಯಾಗಿ ಹಿಡ್ಕೊಂಡಿದ್ದೀನಿ, ಬನ್ನಿ..."

ಆ ದನಿಯಲ್ಲಿ ಈಗ ಹುಡುಗಾಟ ಇರಲಿಲ್ಲ. ಬೈಯಬೇಕೆಂದು ಇಳಿದವಳ ಬಾಯಿಂದ ಬೈಗುಳವೇ ಬರಲಿಲ್ಲ ನೋಡಿ!

ಅವನು ಸೋಲಾರ್ ಹಾಕುವವನು; ಕೊಟ್ಟಿಗೆ ಹತ್ತಲು ಏಣಿ ಹುಡುಕುತ್ತಿದ್ದ. ಅವಳು ಪೇಟೆಯ ಟೈಲರಿಂಗ್ ಅಂಗಡಿ ಬಿಟ್ಟು, ಹೊಲಿಗೆ ಮೆಷಿನ್ನನ್ನೂ ಚಿಕ್ಕಮ್ಮನನ್ನೂ ಕಟ್ಟಿಕೊಂಡು ಈ ಪಾಳುಬಿದ್ದ ತೋಟಕ್ಕೆ ಬಂದವಳು. ಇಲ್ಲಿಗೆ ಕರೆಂಟಿನ ತಂತಿ ಬಂದಿಲ್ಲ, ನಲ್ಲಿ ನೀರು ಬಂದಿಲ್ಲ.

"ಕಂಬ ಬರೋ ಹೊತ್ತಿಗೆ ನಾನು ಫೋಟೋದಲ್ಲಿರ್ತೀನಿ," ಎಂದು ಚಿಕ್ಕಮ್ಮನೇ ಅವನನ್ನು ಕರೆಸಿದ್ದು. 'ಬಿಸಿಲು ಮೇಸ್ತ್ರಿ' ಎಂದು ಹೆಸರಿಟ್ಟಿದ್ದೂ ಚಿಕ್ಕಮ್ಮನೇ.

ಮೇಸ್ತ್ರಿ ಕೊಟ್ಟಿಗೆಯ ಮೇಲೆ ಪ್ಯಾನೆಲ್ ಕೂರಿಸಿದ. ಮೂಲೆ ಕೋಣೆಯಲ್ಲಿ ಬ್ಯಾಟರಿ ಜೋಡಿಸಿದ, ಬಾವಿಗೆ ಪಂಪ್ ಇಳಿಸಿದ. ಯಾರೂ ಹೇಳದಿದ್ದರೂ ಅಡುಗೆಮನೆಯ ಗೋಡೆಗೆ ಮಣ್ಣು ಮೆತ್ತಲು ಅವಳ ಜೊತೆ ಕೈ ಹಾಕಿದ. "ಟೈಲರಮ್ಮ, ಗೋಡೆಗೂ ಅಳತೆ ತಗೊಳ್ತೀರಾ?" ಎಂದು ಕಾಡಿಸಿದ. ಮೊದಲ ಸಲ ದೀಪ ಹತ್ತಿದಾಗ ಚಿಕ್ಕಮ್ಮ ಬಲ್ಬನ್ನು ನೋಡಿದಳು. ಟೈಲರಮ್ಮ ಮಾತ್ರ ಅವನ ಮುಖ ನೋಡಿದಳು.

ಕೆಲಸ ಮುಗಿಯಿತು. "ಏನಾದ್ರೂ ತೊಂದರೆ ಆದ್ರೆ ಫೋನ್ ಮಾಡಿ," ಎಂದು ಚೀಲ ಹೆಗಲಿಗೇರಿಸಿ ಹೊರಟುಹೋದ.

ತೊಂದರೆಯೇ ಆಗಬೇಡವೇ! ದೀಪ ಫಳಫಳ ಉರಿಯಿತು. ನೀರು ದಬದಬ ಸುರಿಯಿತು. ಇವಳ ಎದೆ ಮಾತ್ರ ಬಣಗುಟ್ಟಿತು.

ಕೊನೆಗೆ ಒಂದು ಬೆಳಿಗ್ಗೆ ಅವಳು ಹೊಲಿಗೆ ಮೆಷಿನ್ನಿನ ಪುಟ್ಟ ಸ್ಕ್ರೂಡ್ರೈವರ್ ತೆಗೆದುಕೊಂಡು ಬ್ಯಾಟರಿ ಕೋಣೆಗೆ ಹೋದಳು. ಪ್ಯಾನೆಲ್‌ನಿಂದ ಬರುವ ತಂತಿಯ ಸ್ಕ್ರೂ ಒಂದನ್ನು ಚೂರೇ ಚೂರು ಸಡಿಲಿಸಿದಳು. ಸಂಜೆಗೆ ದೀಪ ಮಂಕಾಯಿತು. ಮರುದಿನ ಮೇಸ್ತ್ರಿ ಹಾಜರ್!

ಸ್ಕ್ರೂ ಬಿಗಿಮಾಡಿದ, ಚಹಾ ಕುಡಿದ, ಚಿಕ್ಕಮ್ಮನೊಂದಿಗೆ ಹರಟಿದ. ಇವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆಮೇಲೆ ಇನ್ನೊಂದು ಸಲ... ಮತ್ತೊಂದು ಸಲ...

ಅವನು ಸ್ಕ್ರೂ ಬದಲಿಸಿದ. ತಂತಿ ಬದಲಿಸಿದ. ಸಲದಿಂದ ಸಲಕ್ಕೆ ಅವನ ನಗು ಕಡಿಮೆಯಾಗುತ್ತಿದ್ದುದು ಮಾತ್ರ ಈ ಹುಚ್ಚು ಹುಡುಗಿಯ ಕಣ್ಣಿಗೆ ಬೀಳಲೇ ಇಲ್ಲ.

ಒಂದು ಮಧ್ಯಾಹ್ನ ಅವನು ಕರೆಯದೆಯೇ ಬಂದ. ಕೈಯಲ್ಲಿ ಚೀಲ ಇರಲಿಲ್ಲ.

"ಇನ್ಮೇಲೆ ನಾನು ಬರಲ್ಲ, ಟೈಲರಮ್ಮ. ಬೇರೆ ಮೇಸ್ತ್ರಿಗೆ ಹೇಳಿದ್ದೀನಿ. ಒಳ್ಳೆ ಕೆಲಸಗಾರ."

"ಯಾಕೆ? ನಮ್ಮನೆ ಅಂದ್ರೆ ಬೇಜಾರಾಯ್ತಾ?"

"ಬೇಜಾರು ನನ್ನ ಮೇಲೆ." ಅವನು ತನ್ನ ಅಂಗೈ ನೋಡಿಕೊಂಡ. "ನಾನು ಬಿಗಿ ಮಾಡಿದ್ದು ನಿಲ್ತಿಲ್ಲ. ಸಡಿಲ ತಂತಿ ಕಿಡಿ ಹಾರಿಸುತ್ತೆ. ಬೆಂಕಿ ಹತ್ಕೊಂಡು ನಿಮಗಿಬ್ಬರಿಗೂ ಏನಾದ್ರೂ ಆದ್ರೆ... ಅದನ್ನ ನೆನೆಸ್ಕೊಂಡ್ರೆ ಕಣ್ಣು ಮುಚ್ಚಕ್ಕಾಗಲ್ಲ. ಗುಡ್ಡದಾಚೆ ಆಸ್ಪತ್ರೆಯವರು ಔಷಧಿ ಫ್ರಿಜ್‌ಗೆ ಸೋಲಾರ್ ಹಾಕೋಕೆ ಕರೆದಿದ್ರು. ಆಗಲ್ಲ ಅಂದ್ಬಿಟ್ಟೆ. ಮಕ್ಕಳಿಗೆ ಕೊಡೋ ಔಷಧಿ ಅದು. ನನ್ನ ಕೈನ ನಾನೇ ನಂಬಲ್ಲ ಈಗ. ನಾಳೆಯಿಂದ ಪೇಟೆಯಲ್ಲಿ ಫ್ಯಾನ್ ಮಾರೋ ಅಂಗಡಿಗೆ ಸೇರ್ತೀನಿ."

ಅವಳ ಕಣ್ಣು ಬ್ಯಾಟರಿ ಕೋಣೆಯತ್ತ ಹೋಯಿತು.

'ದೇವರೇ... ನಾನೇನು ಮಾಡಿಬಿಟ್ಟೆ! ಹೇಳಿದರೆ ಇವನು ನನ್ನ ಮುಖವನ್ನೇ ನೋಡುವುದಿಲ್ಲ. ಹೇಳದಿದ್ದರೆ...'

ಹೇಳದಿದ್ದರೆ ಅವನು ತನ್ನ ಕೆಲಸವನ್ನೇ ಬಿಟ್ಟುಬಿಡುತ್ತಾನೆ. ಅವಳು ಕಣ್ಣು ಮುಚ್ಚಿ ಹೇಳಿಯೇಬಿಟ್ಟಳು.

"ನಿಮ್ಮ ಕೈ ಸರಿಯಾಗೇ ಇದೆ. ಸ್ಕ್ರೂ ಸಡಿಲ ಮಾಡಿದ್ದು ನಾನು."

"ಏನು?"

"ಪ್ರತಿ ಸಲವೂ ನಾನೇ! ಕೆಟ್ಟರೆ ತಾನೆ ನೀವು ಬರೋದು? ನೀವು ಬರ್ಲಿ ಅಂತ... ನಿಮ್ಮನ್ನ ನೋಡ್ಬೇಕು ಅಂತ..." ಅಳು ಒತ್ತರಿಸಿ ಬಂತು.

ಅವನು ಹೊರಗೆ ನಡೆದು ಬಾವಿಕಟ್ಟೆಯ ಮೇಲೆ ಕೂತುಬಿಟ್ಟ.

ಅಡುಗೆಮನೆಯಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಚಿಕ್ಕಮ್ಮ ಸೌಟು ಹಿಡಿದೇ ಹೊರಬಂದಳು.

"ಮಾಡೋದೆಲ್ಲ ಮಾಡಿ ಇಲ್ಲಿ ಗುಮ್ಮನ ಥರ ನಿಂತಿದ್ದೀಯಲ್ಲೇ! ಹೋಗು. ಬೈದ್ರೆ ಬೈಸ್ಕೋ."

ಅವಳು ಹೋಗಿ ಅವನೆದುರು ನಿಂತಳು. ಅವನು ತಲೆ ಎತ್ತಲಿಲ್ಲ.

"ಎಷ್ಟು ಸಲ ನನ್ನನ್ನ ನಾನೇ ಬೈಕೊಂಡೆ ಗೊತ್ತಾ? ದಡ್ಡ, ಕೈಲಾಗದವನು ಅಂತ."

"ತಪ್ಪಾಯ್ತು. ನನ್ನ ಕ್ಷಮಿಸ್ದೆ ಇದ್ರೂ ಪರವಾಗಿಲ್ಲ. ಆದ್ರೆ ಮೊದಲು ಆಸ್ಪತ್ರೆಗೆ ಫೋನ್ ಮಾಡಿ. ಆ ಕೆಲಸ ಬಿಡ್ಬೇಡಿ... ನಿಮ್ಮ ದಮ್ಮಯ್ಯ!"

ಆಗ ಅವನು ಅವಳ ಮುಖ ನೋಡಿದ. ಅತ್ತು ಅತ್ತು ಮೂಗು ಕೆಂಪಾಗಿತ್ತು. ಜೇಬಿನಿಂದ ಫೋನ್ ತೆಗೆದ.

"ಡಾಕ್ಟ್ರೇ, ನಾನು... ಬೇರೆಯವರಿಗೆ ಹೇಳ್ಬಿಟ್ರಾ? ಇಲ್ವಾ? ಹಾಗಾದ್ರೆ ನಾನೇ ಮಾಡ್ತೀನಿ. ಹೂಂ, ಚೆನ್ನಾಗೇ ಮಾಡ್ತೀನಿ... ನನ್ನ ಕೆಲಸದಲ್ಲಿ ಏನೂ ತಪ್ಪಿಲ್ಲ, ಡಾಕ್ಟ್ರೇ."

ಫೋನ್ ಇಟ್ಟವನೇ ತೋಳಿನಿಂದ ಕಣ್ಣೊರೆಸಿಕೊಂಡ. ಅವಳು ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತಳು.

"ಸ್ಕ್ರೂ ಯಾಕೆ ಬಿಚ್ಚೋಕೆ ಹೋದೆ? ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ," ಎಂದ ಮೆಲ್ಲಗೆ.

"ಏನಂತ ಹೇಳ್ಬೇಕಿತ್ತು?"

"ಬಾ ಅಂತ. ನಾನೂ ಇಲ್ಲಿಗೆ ಬರೋಕೆ ನೆಪ ಹುಡುಕ್ತಾನೇ ಇದ್ದೆ. ಧೈರ್ಯ ಇರ್ಲಿಲ್ಲ ಅಷ್ಟೇ."

ಕಣ್ಣೀರಿನ ನಡುವೆಯೇ ಅವಳಿಗೆ ನಗು ಬಂತು.

"ಬಾ," ಎಂದಳು.

"ಬಂದಿದ್ದೀನಲ್ಲ..."

"ಹಾಗಲ್ಲ. ರಿಪೇರಿಗಲ್ಲ... ಇರೋಕೆ ಬಾ."

ಅವನು ಹತ್ತಿರ ಸರಿದು ಅವಳ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡ.

"ಬರ್ತೀನಿ ಕಣೇ. ಆಸ್ಪತ್ರೆ ಕೆಲಸ ಮುಗಿಸಿ, ಸೀದಾ ಮನೆಗೇ ಬರ್ತೀನಿ."