ಅರವತ್ತಮೂರನೇ ಇಸವಿಯ ಕೆಂಪು ಕಾರು

ಮಾಘದ ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಬೆಳಿಗ್ಗೆ ಹತ್ತರ ಹೊತ್ತು. ಹಲಸೂರಿನ ಮಹಡಿಯ ಮೇಲಿದ್ದ ತನ್ನ ಪುಟ್ಟ ಅಂಗಡಿಯನ್ನು ಹಂಸ ಆಗಷ್ಟೇ ತೆರೆದಿದ್ದಳು. ನಿಜವಾದ ಕಾರುಗಳನ್ನೇ ಹೋಲುವ ಅಂಗೈಯಗಲದ ಮಾದರಿ ಕಾರುಗಳನ್ನು ರಿಪೇರಿ ಮಾಡುವುದು ಅವಳ ಕೆಲಸ.

ಏದುಸಿರು ಬಿಡುತ್ತಾ ಒಬ್ಬ ಯುವಕ ಒಳಗೆ ಬಂದ. ಕರವಸ್ತ್ರದ ಗಂಟು ಬಿಚ್ಚಿ ಮೇಜಿನ ಮೇಲಿಟ್ಟ. ಅಮೆರಿಕದ ಕಾರ್ವೆಟ್ ಕಾರಿನ ಒಂದು ಕೆಂಪು ಮಾದರಿ! ಮುಂದಿನ ಎರಡು ಚಕ್ರ ಮುರಿದುಹೋಗಿದ್ದವು.

"ಮೇಡಂ, ನನ್ ಕೈಯಿಂದಾನೇ ಬಿತ್ತು. ಅಮ್ಮಂಗೆ ಇನ್ನೂ ಗೊತ್ತಿಲ್ಲ. ಹೆಂಗಾದ್ರೂ ಮಾಡಿ..."

"ಚಕ್ರ ತಾನೇ? ಹಾಕೋಣ ಬಿಡಿ. ಅದಕ್ಕೆ ಯಾಕ್ರೀ ಅಳ್ತೀರಿ?"

"ಅಳ್ತಿಲ್ಲ ರೀ! ಮೆಟ್ಲು ಹತ್ತಿ ಬಂದೆ, ಅದಕ್ಕೇ."

ಸುಳ್ಳು. ಅವನ ಕಣ್ಣುಗಳು ಒದ್ದೆಯಾಗಿದ್ದವು. ಹಂಸಳ ಎದೆಯೊಳಗೆ ಏನೋ ಮೆತ್ತಗಾಯಿತು.

ಅವನ ಹೆಸರು ಸಿದ್ಧಲಿಂಗೇಶ. ಊರು ದಾವಣಗೆರೆ, ಕೆಲಸ ಇಂದಿರಾನಗರದ ಒಂದು ಕಚೇರಿಯಲ್ಲಿ. ತಂದೆ ತೀರಿಕೊಂಡ ಮೇಲೆ ತಾಯಿ ವಿಮಲಾಕ್ಷಿ ಅವನ ಜೊತೆಗೇ ಇದ್ದರು. ಮಗಳ ಬಾಣಂತನಕ್ಕೆ ಅವರು ಊರಿಗೆ ಹೊರಟಿದ್ದರು. ಎಲ್ಲಿಗೆ ಹೋದರೂ ಆ ಕಾರು ಅವರ ಚೀಲದಲ್ಲಿ ಇರಲೇಬೇಕು.

ಹೊಂದುವ ಚಕ್ರ ಹುಡುಕಿಕೊಂಡು ಇಬ್ಬರೂ ಶಿವಾಜಿನಗರದ ಗಲ್ಲಿಗಳನ್ನು ಅಲೆದರು. ಹಳೇ ಆಟಿಕೆ ಮಾರುವ ಚಾಂದ್ ಪಾಷಾ ಒಂದು ಡಬ್ಬಿ ಸುರಿದು, ಇಬ್ಬರ ಮುಖವನ್ನೂ ನೋಡಿದರು.

"ಜೋಡಿನೇ ಬೇಕಾ ಬೇಟಿ? ಜೋಡಿಯಾಗೇ ಬಂದಿದೀರಿ, ಸಿಗುತ್ತೆ ಬಿಡು!"

ಹಂಸ ತಲೆಯೆತ್ತದೆ ಚಕ್ರಗಳ ರಾಶಿಯಲ್ಲಿ ಕೈಯಾಡಿಸಿದಳು. ಸಿದ್ಧಲಿಂಗೇಶನ ಕಿವಿ ಕೆಂಪಾಯಿತು.

ಚಕ್ರ ಸಿಕ್ಕಿತು, ಕೂತಿತು. ಆದರೆ ಕಾರನ್ನು ತಿರುಗಿಸಿ ನೋಡಿದಾಗ ಹಂಸಳ ಕಣ್ಣಿಗೆ ಇನ್ನೊಂದು ವಿಷಯ ಬಿತ್ತು. ಅಡಿಯಲ್ಲಿ 1964 ಎಂದು ಕೊರೆದಿದ್ದರು. ಹಿಂದಿನ ಗಾಜಿನ ನಡುವೆ ಮಾತ್ರ ಒಂದು ಕೆಂಪು ಕಡ್ಡಿ ಅಂಟಿಕೊಂಡಿತ್ತು.

'ಈ ಇಸವಿಯ ಕಾರಿಗೆ ಕಡ್ಡಿ ಇರಲೇ ಇಲ್ಲ, ಯಾರೋ ತಿಳಿಯದೆ ಅಂಟಿಸಿದ್ದಾರೆ. ಇದನ್ನೂ ಸರಿಮಾಡಿಟ್ಟರೆ ಅವರಿಗೆಷ್ಟು ಖುಷಿಯಾಗಬಹುದು!'

ಕಡ್ಡಿಯನ್ನು ಕೆರೆದು ತೆಗೆದಳು. ಗಾಜನ್ನು ಫಳಫಳ ಹೊಳೆಯಿಸಿದಳು.

ಶನಿವಾರ ಅವನು ಬಂದ. ಚಕ್ರ ನೋಡಿ ನಕ್ಕ. ಕಾರನ್ನು ಹಿಂದಕ್ಕೆ ತಿರುಗಿಸಿದ. ನಗು ಅಲ್ಲಿಗೇ ನಿಂತಿತು.

"ಕಡ್ಡಿ ಎಲ್ಲಿ?"

"ತೆಗ್ದೆ. ಇದು ಅರವತ್ನಾಕರ ಕಾರು. ಗಾಜಿನ ನಡುವೆ ಪಟ್ಟಿ ಇದ್ದಿದ್ದು ಅರವತ್ಮೂರರಲ್ಲಿ ಮಾತ್ರ..."

"ನಮ್ಮಮ್ಮ ಹುಟ್ಟಿದ್ದೇ ಅರವತ್ಮೂರರಲ್ಲಿ! ಆ ವರ್ಷದ್ದು ಸಿಗ್ಲಿಲ್ಲ ಅಂತ ಅಪ್ಪಾಜಿ ತಾವೇ ಕಡ್ಡಿ ಅಂಟಿಸಿ ಮದುವೇಲಿ ಕೊಟ್ಟಿದ್ರು. ಅವರ ಕೈಯಾರೆ ಮಾಡಿದ್ದು ಅಂತ ಉಳಿದಿದ್ದು ಅದೊಂದೇ..."

"ನಂಗೆ... ಗೊತ್ತಿರ್ಲಿಲ್ಲ..."

"ಒಂದ್ ಮಾತು ಕೇಳ್ಬಹುದಿತ್ತಲ್ಲ? ನಿಮಗೆ ಇಸವಿ ಗೊತ್ತು ರೀ, ಮನುಷ್ಯರು ಗೊತ್ತಿಲ್ಲ!"

ಅವನು ಹೊರಟುಹೋದ. ಹಂಸ ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದಳು. ಕಡ್ಡಿ ಇರಲಿಲ್ಲ; ಬೆಳಿಗ್ಗೆಯೇ ಕಸದ ಗಾಡಿ ಬಂದು ಹೋಗಿತ್ತು.

ಎಷ್ಟು ಸಲ ಮಾಡಿದರೂ ಅವನು ಫೋನ್ ಎತ್ತಲಿಲ್ಲ.

ಭಾನುವಾರ ಬೆಳಿಗ್ಗೆ, ಅವನು ಹೇಳಿದ್ದ ಗುರುತು ಹಿಡಿದು ಮನೆ ಹುಡುಕಿದಳು. ವಿಮಲಾಕ್ಷಿಯೇ ಬಾಗಿಲು ತೆರೆದರು.

"ಅಮ್ಮಾ, ನಿಮ್ಮ ಕಾರಿನ ಕಡ್ಡಿ ತೆಗೆದೋಳು ನಾನೇ. ಬೈಯ್ಬೇಕಿದ್ರೆ ನನ್ನೇ ಬೈಯ್ರಿ... ನಿಮ್ಮ ಮಗನ್ನ ಬೈಬೇಡಿ."

ಒಳಗಿನಿಂದ ಸಿದ್ಧಲಿಂಗೇಶ ಬಂದ. ಬಚ್ಚಿಟ್ಟಿದ್ದ ಕಾರನ್ನು ತಂದು ತಾಯಿಯ ಕೈಗಿಟ್ಟ. ಅವರು ಬೋಳು ಗಾಜಿನ ಮೇಲೆ ಬೆರಳಾಡಿಸಿದರು.

"ನಮ್ಮನೆಯವರು ಅಂಟಿಸಿದ್ದು ಇವನು ಹುಟ್ಟೋಕೆ ಮುಂಚೇನೇ ಬಿದ್ದುಹೋಯ್ತವ್ವ. ಆಮೇಲೆ ಬಿದ್ದಾಗೆಲ್ಲ ನಾನೇ ಪೊರಕೆ ಕಡ್ಡಿ ಸೀಳಿ, ಬಣ್ಣ ಬಳ್ದು ಅಂಟಿಸ್ತಿದ್ದೆ. ಪಾಪ, ನೊಂದ್ಕೋತಾರೆ ಅಂತ ಅವರಿಗೆ ಹೇಳ್ಲೇ ಇಲ್ಲ."

"ಅಮ್ಮಾ! ನನಗೂ ಹೇಳ್ಲಿಲ್ವಲ್ಲ?"

"ನೀನು ಒಂದ್ ಮಾತು ಕೇಳಿದ್ಯೇನೋ?"

ಸಿದ್ಧಲಿಂಗೇಶನಿಗೆ ಹಂಸಳ ಮುಖ ನೋಡಲಾಗಲಿಲ್ಲ.

"ಈ ಎರಡು ಭಾಗದ ಗಾಜು ಬಂದಿದ್ದು ನಾನು ಹುಟ್ಟಿದ ಅದೊಂದೇ ವರ್ಷವಂತೆ. ಅದಕ್ಕೇ 'ನಿನ್ನಂಗೆ ಇನ್ನೊಬ್ಬಳಿಲ್ಲ ವಿಮಲಾ' ಅಂದಿದ್ರು. ಕಡ್ಡಿ ಬಿತ್ತು... ಆ ಮಾತು ಎಲ್ಲಿ ಬೀಳ್ತದವ್ವ?" ವಿಮಲಾಕ್ಷಿ ಸೆರಗಿನಿಂದ ಗಾಜು ಒರೆಸಿದರು.

ಒಳಗೆ ಹೋಗಿ ಒಂದು ಪೊರಕೆ ಕಡ್ಡಿ, ಕೆಂಪು ಬಣ್ಣ, ಗೋಂದು ತಂದರು.

"ನನ್ ಕಣ್ಣು ಮಂಜಾಗ್ಯಾವೆ. ಇನ್ಮೇಲೆ ನೀನೇ ಅಂಟಿಸು ತಾಯಿ. ಏಯ್ ಸಿದ್ಧು, ಕಾರು ಗಟ್ಟಿಯಾಗಿ ಹಿಡ್ಕೋ. ನೀನು ಬೀಳಿಸೋದ್ರಲ್ಲಿ ಶಾಣ್ಯಾ!"

ಅಷ್ಟು ಹೇಳಿ ಅಡುಗೆಮನೆಗೆ ನಡೆದರು.

ಹಂಸ ಕಡ್ಡಿಯನ್ನು ಸೀಳಿ, ಬಣ್ಣ ಬಳಿದು, ಗೋಂದು ಹಚ್ಚಿ ಗಾಜಿನ ನಡುವೆ ಇಟ್ಟಳು. ಕಡ್ಡಿ ಜಾರದಂತೆ ಬೆರಳೊತ್ತಿ ಹಿಡಿದಳು. ಅವನು ತನ್ನ ಬೆರಳನ್ನು ಅದರ ಮೇಲಿಟ್ಟ.

"ನಿನ್ನೆ ಅಂದಿದ್ದು ತಪ್ಪಾಯ್ತು ಹಂಸ. ಸಿಟ್ಟು ಕಡ್ಡಿಗೆ ಮಾತ್ರ ಅಲ್ಲ... ನಾನಿಷ್ಟು ಹಚ್ಕೊಂಡೋರ ಕೈಯಿಂದಾನೇ ಹಿಂಗಾಯ್ತಲ್ಲ ಅಂತ."

ಅವಳ ಕಣ್ಣೀರು ಕಾರಿನ ಮೇಲೇ ಬಿತ್ತು.

"ಎಷ್ಟೊತ್ತು ಹಿಂಗೇ ಹಿಡ್ಕೋಬೇಕು?" ಅವನು ಕೇಳಿದ.

"ಒಣಗೋವರೆಗೂ."

"ಒಣಗಿದ ಮೇಲೆ?"

"ಆಮೇಲೂ... ಬಿಡಬೇಡಿ."

ಸೋಮವಾರ ಬೆಳಿಗ್ಗೆ ವಿಮಲಾಕ್ಷಿ ದಾವಣಗೆರೆಯ ರೈಲು ಹತ್ತಿ ಹೋದರು. ಮೊದಲ ಸಲ ಕೆಂಪು ಕಾರನ್ನು ಚೀಲಕ್ಕೆ ಹಾಕಿಕೊಳ್ಳದೆ, ಹಂಸಳ ಕೈಯಲ್ಲಿಟ್ಟು ಹೋದರು.